ಕರೆಂಟ್ ಹೋಗಿ ಬಂದ ಮೇಲೆ ಕ್ಲಸ್ಟರ್ ಏಳದಿದ್ದರೆ: ಕಮಾಂಡ್ ಲೈನಿನಲ್ಲಿ ಮೊದಲು ಏನು, ಆಮೇಲೆ ಏನು

ಪ್ರಶ್ನೆ: ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಾಗ ಕೆಲಸ ಮಾಡ್ತೀನ್ರಿ. ಕಬ್ಬಿನ ಕಾಟಾ ಚೀಟಿ, ರೈತರ ಬಿಲ್ ಎರಡೂ ಒಂದು ಸಣ್ಣ ಕುಬರ್ನೆಟಿಸ್ ಕ್ಲಸ್ಟರ್ (ಹಲವು ಮಷಿನ್ ಕೂಡಿಸಿ ಆ್ಯಪ್ ನಡೆಸೂ ವ್ಯವಸ್ಥೆ) ಮ್ಯಾಲೆ ನಡೀತಾವ. ಮೂರು ಮಷಿನ್, ಕೆ3ಎಸ್ (ಹಗುರಾದ ಕುಬರ್ನೆಟಿಸ್), ಎಲ್ಲಾ ನಿಯಂತ್ರಿಸೂ ಒಂದು ಸರ್ವರ್, ಅದು ಹೇಳಿದಂಗ ಕೆಲಸ ಮಾಡೂ ಎರಡು ಏಜೆಂಟ್. ಪೋಸ್ಟ್‌ಗ್ರೆಸ್ ಡೇಟಾಬೇಸೂ ಅದರೊಳಗ ಐತಿ. ರಾತ್ರಿ ಕರೆಂಟ್ ಹೋದಾಗ ಯುಪಿಎಸ್ ಸಾಲದ ಒಂದು ಮಷಿನ್ ಬಂದ್ ಆಗತೈತಿ. ಆವಾಗ ಕೆಲವು ಪಾಡ್ (ಆ್ಯಪ್ ಓಡೂ ಘಟಕ) ಟರ್ಮಿನೇಟಿಂಗ್, ಕೆಲವು ಪೆಂಡಿಂಗ್, ಡೇಟಾಬೇಸ್ ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್. ಡ್ಯಾಶ್‌ಬೋರ್ಡ್ ತೆರೆಯೂದೇ ಇಲ್ಲ. ಕೆಟ್ಟ ಪಾಡ್ ಎಲ್ಲಾ ಡಿಲೀಟ್ ಮಾಡಿ, ಮೂರೂ ಮಷಿನ್ ರೀಸ್ಟಾರ್ಟ್ ಮಾಡ್ತೀವಿ. ಒಮ್ಮೆ ಬರತೈತಿ, ಒಮ್ಮೆ ಬರೂದಿಲ್ಲ. ಗೇಟಿನ ಮುಂದ ಟ್ರ್ಯಾಕ್ಟರ್ ಸಾಲು ಬೆಳೀತೈತಿ. ಕಮಾಂಡ್ ಲೈನ್ ಒಂದರಿಂದಲೇ ಇದನ್ನ ಸಂಬಾಳಿಸೂದು ಹ್ಯಾಂಗ್ರಿ? ಮೂರೂ ಮಷಿನ್ ಸರ್ವರ್ ಮಾಡಿದರ ಸರಿಹೋಗತೈತೇನು?

ಉತ್ತರ: ಕಡಿದ ಕಬ್ಬು ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತನದು. ಅವಸರದಲ್ಲಿ ನಿಮ್ಮ ಕೈ ರೀಸ್ಟಾರ್ಟ್ ಕಡೆ ಹೋಗುವುದು ಸಹಜ. ಆದರೆ ತೊಂದರೆಯನ್ನು ಉದ್ದ ಮಾಡುತ್ತಿರುವುದು ಆ ಡಿಲೀಟ್ ಮತ್ತು ರೀಸ್ಟಾರ್ಟೇ. ಏನಾಯಿತು, ಏಕಾಯಿತು ಎಂಬುದನ್ನು ಕುಬರ್ನೆಟಿಸ್ ತಾನೇ ಬರೆದಿಟ್ಟಿರುತ್ತದೆ. ಪಾಡ್ ಅಳಿಸಿದಾಗ ಅದರ ಹಿಂದಿನ ಲಾಗ್, ಕೊನೆಯ ಎಕ್ಸಿಟ್ ಕೋಡ್ ಎರಡೂ ಹೋಗುತ್ತವೆ. ಇವೆಂಟುಗಳು (ನಡೆದ ಘಟನೆಗಳ ಟಿಪ್ಪಣಿ) ಡೀಫಾಲ್ಟ್ ಆಗಿ ಒಂದೇ ಗಂಟೆ ಉಳಿಯುತ್ತವೆ. ರಾತ್ರಿ 2ಕ್ಕೆ ಆದದ್ದನ್ನು ಬೆಳಿಗ್ಗೆ 8ಕ್ಕೆ ಹುಡುಕಿದರೆ ಏನೂ ಸಿಗುವುದಿಲ್ಲ. ಆದ್ದರಿಂದ ಮೊದಲ ಐದು ನಿಮಿಷ ಓದುವ ಕಮಾಂಡುಗಳು ಮಾತ್ರ, ಬದಲಿಸುವ ಕಮಾಂಡ್ ಒಂದೂ ಬೇಡ.

ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಸ್ಪೆಲಿಂಗ್ ಬಳಸಿ. ಕ್ಯೂಬ್‌ಸಿಟಿಎಲ್ ಎಂದರೆ ಕುಬರ್ನೆಟಿಸ್ ಜೊತೆ ಮಾತಾಡುವ ಕಮಾಂಡ್, ನೋಡ್ ಎಂದರೆ ಕ್ಲಸ್ಟರಿನ ಒಂದು ಮಷಿನ್. ನಿಮ್ಮ ಮೂರು ಮಷಿನ್‌ಗಳನ್ನು ಕಾಟಾ-1 (ಸರ್ವರ್), ಕಾಟಾ-2, ಕಾಟಾ-3 ಎಂದೂ, ನೇಮ್‌ಸ್ಪೇಸನ್ನು (ಕ್ಲಸ್ಟರಿನೊಳಗಿನ ನಿಮ್ಮ ಪ್ರತ್ಯೇಕ ವಿಭಾಗ) ತೂಕ ಎಂದೂ, ಡೇಟಾಬೇಸ್ ಪಾಡನ್ನು ಡಿಬಿ-0 ಎಂದೂ ಇಟ್ಟುಕೊಂಡಿದ್ದೇನೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಇನ್ನೊಂದು ಕ್ಲಸ್ಟರ್ ಇದ್ದರೆ, ಎಲ್ಲಕ್ಕಿಂತ ಮೊದಲು ಇದು:

ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್

ಯಾವ ಕ್ಲಸ್ಟರಿಗೆ ಮಾತಾಡುತ್ತಿದ್ದೀರಿ ಎಂದು ಇದು ಹೇಳುತ್ತದೆ. ಆಮೇಲೆ ಈ ಮೂರು:

ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್ -ಒ ವೈಡ್
ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್ --ಆಲ್-ನೇಮ್‌ಸ್ಪೇಸಸ್ -ಒ ವೈಡ್
ಕ್ಯೂಬ್‌ಸಿಟಿಎಲ್ ಗೆಟ್ ಇವೆಂಟ್ಸ್ --ಆಲ್-ನೇಮ್‌ಸ್ಪೇಸಸ್ --ಸಾರ್ಟ್-ಬೈ=.ಮೆಟಾಡೇಟಾ.ಕ್ರಿಯೇಶನ್‌ಟೈಮ್‌ಸ್ಟ್ಯಾಂಪ್

ಮೂರನೆಯದರ ಔಟ್‌ಪುಟನ್ನು ತಾರೀಖು ಹಾಕಿದ ಫೈಲಿಗೆ ಉಳಿಸಿಕೊಳ್ಳಿ. '-ಒ ವೈಡ್' ಬಿಡಬೇಡಿ, ಯಾವ ಪಾಡ್ ಯಾವ ಮಷಿನ್ ಮೇಲಿತ್ತು ಎಂಬ ಕಾಲಂ ಅದರಲ್ಲಿ ಮಾತ್ರ ಬರುತ್ತದೆ. ನಿಮ್ಮ ಪ್ರಕರಣದಲ್ಲಿ ಅರ್ಧ ಉತ್ತರ ಆ ಕಾಲಮ್ಮಿನಲ್ಲೇ ಇದೆ.

ಈ ಕಮಾಂಡುಗಳೇ 'ಕನೆಕ್ಷನ್ ರಿಫ್ಯೂಸ್ಡ್' ಎಂದರೆ ಕಾಟಾ-1ರ ಮೇಲಿನ ಕೆ3ಎಸ್ ಸರ್ವಿಸ್ ನಿಂತಿದೆ ಎಂದು ತಿಳಿಯಿರಿ. ಉತ್ತರವೇ ಬರದೆ ಟೈಮ್‌ಔಟ್ ಆದರೆ ಕಾಟಾ-1 ಮಷಿನ್ನೇ ಬಂದ್ ಆಗಿರಬಹುದು. ಈ ಕಮಾಂಡುಗಳಿಗೆ ಉತ್ತರಿಸುವ ಎಪಿಐ ಸರ್ವರ್ ಪೋರ್ಟ್ 6443ರಲ್ಲಿ ಇರುವುದು ಅಲ್ಲಿ ಮಾತ್ರ. ಆಗಲೂ ಕಾಟಾ-2, ಕಾಟಾ-3ರ ಮೇಲೆ ಈಗಾಗಲೇ ಓಡುತ್ತಿದ್ದ ಕಂಟೇನರುಗಳು (ಪಾಡಿನೊಳಗೆ ಓಡುವ ಪ್ರೋಗ್ರಾಂಗಳು) ನಿಲ್ಲುವುದಿಲ್ಲ. ಹೊಸದನ್ನು ಎಬ್ಬಿಸುವವರು, ಸ್ಥಳ ಬದಲಿಸುವವರು ಇರುವುದಿಲ್ಲ, ಅಷ್ಟೇ. ಹಾಗಾಗಿ ಏಜೆಂಟುಗಳನ್ನು ಮುಟ್ಟದೆ ಕಾಟಾ-1ರಲ್ಲಿ 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೆ3ಎಸ್' ಮತ್ತು 'ಜರ್ನಲ್‌ಸಿಟಿಎಲ್ -ಯು ಕೆ3ಎಸ್ -ಎನ್ 200' ನೋಡಿ. ಲಾಗಿನಲ್ಲಿ ಸರ್ಟಿಫಿಕೇಟ್ 'ನಾಟ್ ಯೆಟ್ ವ್ಯಾಲಿಡ್' ಎಂದಿದ್ದರೆ ಕಾರಣ ಗಡಿಯಾರ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಕರೆಂಟ್ ಬಂದ ಮೇಲೆ ಮಷಿನ್ ಹಳೆಯ ತಾರೀಖಿನಲ್ಲಿ ಏಳುತ್ತದೆ, ಸರ್ಟಿಫಿಕೇಟ್ ಒಪ್ಪುವುದಿಲ್ಲ. 'ಡೇಟ್' ಕಮಾಂಡ್ ಹಾಕಿ ನೋಡಿ, 'ಕ್ರೋನಿಸಿ ಟ್ರ್ಯಾಕಿಂಗ್' ಹಾಕಿ ಸಮಯ ಹೊಂದಿಕೊಂಡಿದೆಯೇ ಖಚಿತಪಡಿಸಿಕೊಳ್ಳಿ. ಮೂರೂ ಮಷಿನ್‌ಗಳ ಆ ಬ್ಯಾಟರಿ ಬದಲಿಸುವ ಖರ್ಚು ತೀರಾ ಕಡಿಮೆ, ಹಂಗಾಮು ಶುರುವಾಗುವ ಮೊದಲೇ ಮಾಡಿಬಿಡಿ.

ಕೆ3ಎಸ್ ಸರ್ವಿಸನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ ಕಂಟೇನರುಗಳು ನಿಲ್ಲುವುದಿಲ್ಲ. ಆದ್ದರಿಂದ 'ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕೆ3ಎಸ್' ಸಾಕಾಗುವ ಕಡೆ ಇಡೀ ಮಷಿನ್ ರೀಬೂಟ್ ಮಾಡಬೇಡಿ. ಏಜೆಂಟ್ ಮೇಲೆ ಆ ಸರ್ವಿಸಿನ ಹೆಸರು 'ಕೆ3ಎಸ್-ಏಜೆಂಟ್'.

ಇನ್ನು 'ಒಮ್ಮೆ ಬರತೈತಿ, ಒಮ್ಮೆ ಬರೂದಿಲ್ಲ' ಎಂಬುದಕ್ಕೆ ಬರೋಣ. ಬಂದ್ ಆದದ್ದು ಕಾಟಾ-3 ಎಂದುಕೊಳ್ಳಿ. ಅದು ಉಸಿರು ನಿಲ್ಲಿಸಿದ 40ರಿಂದ 50 ಸೆಕೆಂಡಿಗೆ (ಆವೃತ್ತಿಯ ಮೇಲೆ ಹೋಗುತ್ತದೆ) ಅದನ್ನು 'ನಾಟ್‌ರೆಡಿ' ಎಂದು ಗುರುತಿಸಲಾಗುತ್ತದೆ. ಅದರ ಮೇಲಿದ್ದ ಪಾಡುಗಳನ್ನು ತಕ್ಷಣ ಎತ್ತುವುದಿಲ್ಲ. ಪ್ರತಿ ಪಾಡಿಗೂ ಡೀಫಾಲ್ಟ್ ಆಗಿ 300 ಸೆಕೆಂಡ್ ಸಹನೆ ಇರುತ್ತದೆ. ಆಮೇಲಷ್ಟೇ ಹಳೆಯದಕ್ಕೆ 'ಟರ್ಮಿನೇಟಿಂಗ್' ಗುರುತು ಬಿದ್ದು, ಬೇರೆ ಮಷಿನ್ ಮೇಲೆ ಹೊಸ ಪಾಡ್ ಹುಟ್ಟುತ್ತದೆ. ಒಟ್ಟು ಹೆಚ್ಚುಕಡಿಮೆ ಆರು ನಿಮಿಷ. ನೀವು ಮೂರನೇ ನಿಮಿಷಕ್ಕೆ ಎಲ್ಲ ರೀಬೂಟ್ ಮಾಡಿದರೆ, ತಾನಾಗಿ ಆಗಬೇಕಿದ್ದ ಕೆಲಸವನ್ನು ನಡುವೆ ತಡೆದು ಮೊದಲಿಂದ ಶುರು ಮಾಡಿಸಿದಂತೆ.

ಟರ್ಮಿನೇಟಿಂಗ್‌ನಲ್ಲೇ ನಿಂತ ಪಾಡ್ ಕಂಡು ಗಾಬರಿ ಬೇಡ. ಅದನ್ನು ಮುಗಿಸಬೇಕಾದ ಕ್ಯೂಬ್‌ಲೆಟ್ (ಪ್ರತಿ ಮಷಿನ್ ಮೇಲೆ ಪಾಡುಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಇರುವುದು ಸತ್ತ ಮಷಿನ್ ಮೇಲೆ. 'ಮುಗಿಸಿದೆ' ಎಂದು ಅದು ಹೇಳದ ಹೊರತು ದಾಖಲೆ ಹಾಗೇ ಉಳಿಯುತ್ತದೆ. ಮಷಿನ್ ಎದ್ದರೆ ತಾನೇ ಹೋಗುತ್ತದೆ. ಡೆಪ್ಲಾಯ್‌ಮೆಂಟಿನ (ಡೇಟಾ ಇಟ್ಟುಕೊಳ್ಳದ ಆ್ಯಪ್ ನಡೆಸುವ ಬಗೆ) ಪಾಡ್ ಆದರೆ ಅದು ಅಲ್ಲಿದ್ದರೂ ಹೊಸದು ಬೇರೆಡೆ ಹುಟ್ಟಿರುತ್ತದೆ, ಕಾಟಾ ಚೀಟಿಗೆ ಅಡ್ಡಿಯಿಲ್ಲ. ಸ್ಟೇಟ್‌ಫುಲ್‌ಸೆಟ್ (ಡೇಟಾಬೇಸಿನಂಥದ್ದನ್ನು ನಡೆಸುವ ಬಗೆ) ಬೇರೆ: ಹಳೆಯ ಡಿಬಿ-0 ಪೂರ್ತಿ ಹೋಗುವವರೆಗೆ ಹೊಸ ಡಿಬಿ-0 ಹುಟ್ಟುವುದಿಲ್ಲ. ಎರಡು ಪೋಸ್ಟ್‌ಗ್ರೆಸ್ ಒಂದೇ ಡೇಟಾದ ಮೇಲೆ ಬರೆಯಬಾರದು ಎಂಬ ಕಾರಣಕ್ಕೇ ಹಾಗೆ ಕಟ್ಟಿದ್ದಾರೆ.

ಇಲ್ಲಿ ಅನೇಕರು '--ಫೋರ್ಸ್ --ಗ್ರೇಸ್-ಪೀರಿಯಡ್=0' ಹಾಕಿ ಅಳಿಸುತ್ತಾರೆ. ಅದು ದಾಖಲೆಯನ್ನು ಮಾತ್ರ ಅಳಿಸುತ್ತದೆ, ಆ ಕಂಟೇನರ್ ನಿಜವಾಗಿ ನಿಂತಿದೆಯೇ ಎಂದು ಯಾರೂ ನೋಡುವುದಿಲ್ಲ. ಕಾಟಾ-3ರ ವಿದ್ಯುತ್ ಹೋಗಿಲ್ಲ, ನೆಟ್‌ವರ್ಕ್ ಸ್ವಿಚ್ ಮಾತ್ರ ಹೋಗಿದೆ ಎಂದಾದರೆ ಪೋಸ್ಟ್‌ಗ್ರೆಸ್ ಅಲ್ಲಿ ಜೀವಂತವಾಗಿಯೇ ಇರುತ್ತದೆ. ಡೇಟಾ ನೆಟ್‌ವರ್ಕ್ ಡಿಸ್ಕಿನ ಮೇಲಿದ್ದರೆ ಆಗ ಎರಡು ಪ್ರತಿ ಒಂದೇ ಫೈಲಿಗೆ ಬರೆದು ಡೇಟಾಬೇಸ್ ಹಾಳಾಗಬಹುದು. ಫೋರ್ಸ್ ಹಾಕುವ ಮೊದಲು ಒಬ್ಬರು ಎದ್ದು ಹೋಗಿ ಆ ಮಷಿನ್ ನಿಜಕ್ಕೂ ಆಫ್ ಆಗಿದೆಯೇ ಕಣ್ಣಾರೆ ನೋಡಲೇಬೇಕು.

ಆದರೆ ನಿಮ್ಮಲ್ಲಿ ಫೋರ್ಸ್ ಹಾಕಿದರೂ ಡಿಬಿ-0 ಬೇರೆ ಮಷಿನ್ ಮೇಲೆ ಏಳುವುದಿಲ್ಲ. ಪೆಂಡಿಂಗ್‌ನಲ್ಲಿ ನಿಲ್ಲುತ್ತದೆ. ಹೀಗೆ ಕೇಳಿ:

ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್ ಡಿಬಿ-0 -ಎನ್ ತೂಕ

ಕೊನೆಯ ಇವೆಂಟ್ಸ್ ಭಾಗದಲ್ಲಿ '0/3 ನೋಡ್ಸ್ ಆರ್ ಅವೈಲಬಲ್' ಎಂದು ಶುರುವಾಗಿ, ಒಂದು ನೋಡಿಗೆ 'ಅನ್‌ರೀಚಬಲ್' ಟೇಂಟ್ (ಇಲ್ಲಿ ಪಾಡ್ ಕೂರಬಾರದು ಎಂಬ ಗುರುತು), ಉಳಿದೆರಡಕ್ಕೆ 'ವಾಲ್ಯೂಮ್ ನೋಡ್ ಅಫಿನಿಟಿ ಕಾನ್ಫ್ಲಿಕ್ಟ್' ಎಂಬ ಸಾಲು ಕಾಣಬೇಕು. ಕೆ3ಎಸ್ ಜೊತೆ ಬರುವ ಸ್ಟೋರೇಜ್ 'ಲೋಕಲ್-ಪಾತ್'. ಅದು ಡೇಟಾವನ್ನು ಆ ಪಾಡ್ ಮೊದಲ ಸಲ ಎದ್ದ ಮಷಿನ್ನಿನ ಸ್ವಂತ ಡಿಸ್ಕಿನಲ್ಲಿ, /ವಾರ್/ಲಿಬ್/ರಾಂಚರ್/ಕೆ3ಎಸ್/ಸ್ಟೋರೇಜ್ ಫೋಲ್ಡರಿನಲ್ಲಿ ಇಡುತ್ತದೆ. ಹೊಲದ ಬಾವಿಯನ್ನು ಪಕ್ಕದ ಹೊಲಕ್ಕೆ ಎತ್ತಿಡಲಾಗದ ಹಾಗೆ, ಆ ಡೇಟಾ ಕಾಟಾ-3 ಬಿಟ್ಟು ಕದಲುವುದಿಲ್ಲ. ಎಷ್ಟು ಪಾಡ್ ಅಳಿಸಿದರೂ ಇದು ಬದಲಾಗದು. ಕಾಟಾ-3 ಏಳಬೇಕು, ಇಲ್ಲವೇ ಬ್ಯಾಕಪ್‌ನಿಂದ ಇನ್ನೊಂದೆಡೆ ಹೊಸ ಡೇಟಾಬೇಸ್ ಎಬ್ಬಿಸಬೇಕು. ಬಂದ್ ಆದದ್ದು ಕಾಟಾ-2 ಆಗಿದ್ದ ರಾತ್ರಿ ಎಲ್ಲವೂ ಬೇಗ ಬಂತು, ಕಾಟಾ-3 ಆಗಿದ್ದ ರಾತ್ರಿ ಬರಲಿಲ್ಲ. ನಿಮ್ಮ ಒಗಟಿನ ದೊಡ್ಡ ಭಾಗ ಇಷ್ಟೇ ಇರಬಹುದು. ಡೇಟಾ ಯಾವ ಮಷಿನ್ನಿನಲ್ಲಿದೆ ಎಂದು ಈಗಲೇ 'ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಿವಿ' (ಪಿವಿ ಎಂದರೆ ಡೇಟಾ ಇಡುವ ಜಾಗ, ವಾಲ್ಯೂಮ್) ಹಾಕಿ 'ನೋಡ್ ಅಫಿನಿಟಿ' ಸಾಲಿನಲ್ಲಿ ನೋಡಿ, ಆ ಮಷಿನ್ ಮೇಲೆ ಚೀಟಿ ಅಂಟಿಸಿ, ಯುಪಿಎಸ್ ಲೋಡಿನಲ್ಲಿ ಮೊದಲ ಹಕ್ಕು ಅದಕ್ಕೆ ಕೊಡಿ.

ಇದಕ್ಕಿಂತ ಗಂಭೀರ ಎಚ್ಚರಿಕೆ ಇನ್ನೊಂದಿದೆ. ಲೋಕಲ್-ಪಾತ್ ವಾಲ್ಯೂಮುಗಳ ರಿಕ್ಲೇಮ್ ಪಾಲಿಸಿ (ಬಳಕೆ ಮುಗಿದ ಮೇಲೆ ಡೇಟಾ ಏನಾಗಬೇಕು ಎಂಬ ನಿಯಮ) ಡೀಫಾಲ್ಟ್ ಆಗಿ 'ಡಿಲೀಟ್'. ಡಿಬಿ-0 ಪಾಡ್ ಅಳಿಸಿದರೆ ಡೇಟಾ ಉಳಿಯುತ್ತದೆ. ಅದರ ಪಿವಿಸಿ (ಆ ಜಾಗವನ್ನು ಕೇಳಿ ಪಡೆದ ಕೋರಿಕೆ) ಅಳಿಸಿದರೆ, ಅಥವಾ 'ಎಲ್ಲ ಹೊಸದಾಗಿ ಹಾಕೋಣ' ಎಂದು ತೂಕ ನೇಮ್‌ಸ್ಪೇಸನ್ನೇ ಅಳಿಸಿದರೆ, ಇಡೀ ಹಂಗಾಮಿನ ತೂಕದ ದಾಖಲೆ ಡಿಸ್ಕಿನಿಂದಲೇ ಹೋಗುತ್ತದೆ. ಕುಬರ್ನೆಟಿಸ್ ಮತ್ತೊಮ್ಮೆ ಕೇಳುವುದಿಲ್ಲ. ಇವತ್ತೇ ಹೀಗೆ ಬದಲಿಸಿ:

ಕ್ಯೂಬ್‌ಸಿಟಿಎಲ್ ಪ್ಯಾಚ್ ಪಿವಿ <ಹೆಸರು> -ಪಿ '{"ಸ್ಪೆಕ್":{"ಪರ್ಸಿಸ್ಟೆಂಟ್‌ವಾಲ್ಯೂಮ್‌ರಿಕ್ಲೇಮ್‌ಪಾಲಿಸಿ":"ರಿಟೇನ್"}}'

ಆಮೇಲೆ 'ಕ್ಯೂಬ್‌ಸಿಟಿಎಲ್ ಗೆಟ್ ಪಿವಿ' ಹಾಕಿ ಆ ಕಾಲಮ್ಮಿನಲ್ಲಿ ರಿಟೇನ್ ಎಂದು ಕಾಣುತ್ತಿದೆಯೇ ನೋಡಿ.

ಕಾಟಾ-3 ಎದ್ದಿದೆ, ಆದರೂ ಡೇಟಾಬೇಸ್ ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್ ಎಂದರೆ ಏನು? ಅದು ರೋಗದ ಹೆಸರಲ್ಲ. ಕಂಟೇನರ್ ಎದ್ದು ಬೀಳುತ್ತಿದೆ, ಮುಂದಿನ ಪ್ರಯತ್ನಕ್ಕೆ ಕಾಯುತ್ತಿದೆ ಎಂದಷ್ಟೇ ಅರ್ಥ. ಕಾಯುವ ಅವಧಿ 10 ಸೆಕೆಂಡಿನಿಂದ ಶುರುವಾಗಿ 20, 40, 80 ಎಂದು ಇಮ್ಮಡಿಯಾಗುತ್ತ 5 ನಿಮಿಷಕ್ಕೆ ನಿಲ್ಲುತ್ತದೆ. ಏಕೆ ಬಿತ್ತು ಎಂಬುದು ಸಿಗುವುದು ಇಲ್ಲಿ:

ಕ್ಯೂಬ್‌ಸಿಟಿಎಲ್ ಲಾಗ್ಸ್ ಡಿಬಿ-0 -ಎನ್ ತೂಕ --ಪ್ರೀವಿಯಸ್

'--ಪ್ರೀವಿಯಸ್' ಇಲ್ಲದಿದ್ದರೆ ಈಗಷ್ಟೇ ಎದ್ದ ಕಂಟೇನರಿನ ಎರಡು ಸಾಲು ಮಾತ್ರ ಕಾಣುತ್ತವೆ. ಬಿದ್ದವನ ಕೊನೆಯ ಮಾತು ಬೇಕಾದರೆ ಅದು ಬೇಕೇ ಬೇಕು. ಜೊತೆಗೆ ಡಿಸ್ಕ್ರೈಬ್‌ನಲ್ಲಿ 'ಲಾಸ್ಟ್ ಸ್ಟೇಟ್' ನೋಡಿ. ಎಕ್ಸಿಟ್ ಕೋಡ್ 137 ಇದ್ದು ಕಾರಣ 'ಓಒಎಮ್‌ಕಿಲ್ಡ್' ಎಂದಿದ್ದರೆ ಮೆಮೊರಿ ಮಿತಿ ಸಾಲಲಿಲ್ಲ. ಯಾಮಲ್‌ನಲ್ಲಿ (ಸೆಟ್ಟಿಂಗ್ ಬರೆದಿಡುವ ಫೈಲ್) ಲಿಮಿಟ್ ಏರಿಸಬೇಕು. 137 ಎಂದರೆ 128ಕ್ಕೆ 9 ಸೇರಿದ್ದು, ಅಂದರೆ ಬಲವಂತವಾಗಿ ಕೊಂದದ್ದು. 143 ಆದರೆ 128ಕ್ಕೆ 15, ಮರ್ಯಾದೆಯಿಂದ ನಿಲ್ಲಲು ಹೇಳಿದ್ದು. ಓಒಎಮ್‌ಕಿಲ್ಡ್ ಎಂದಿಲ್ಲ, ಆದರೂ ಯಾರೋ ನಿಲ್ಲಿಸುತ್ತಿದ್ದಾರೆ ಎಂದಾದರೆ ಇವೆಂಟ್ಸ್‌ನಲ್ಲಿ 'ಲೈವ್‌ನೆಸ್ ಪ್ರೋಬ್ ಫೇಲ್ಡ್' (ಜೀವಂತವಾಗಿದೆಯೇ ಎಂಬ ತಪಾಸಣೆ ವಿಫಲ) ಹುಡುಕಿ.

ಕರೆಂಟ್ ಹೋದ ಕಡೆ ನಾನು ಮೊದಲು ಸಂಶಯಪಡುವುದು ಇದನ್ನೇ. ಪೋಸ್ಟ್‌ಗ್ರೆಸ್ ಹಠಾತ್ತನೆ ನಿಂತಿದ್ದರೆ, ಎದ್ದ ಕೂಡಲೇ ತನ್ನ ವಾಲ್ ಲಾಗ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಓದಿ ಅಪೂರ್ಣ ಬರಹ ಸರಿಪಡಿಸಿಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದಕ್ಕೆ ನಿಮಿಷಗಳು ಬೇಕಾಗಬಹುದು. ಆ ಹೊತ್ತಿನಲ್ಲಿ ಅದು ಯಾರ ಸಂಪರ್ಕವನ್ನೂ ಒಪ್ಪುವುದಿಲ್ಲ. ಲೈವ್‌ನೆಸ್ ಪ್ರೋಬ್ ಡೀಫಾಲ್ಟ್ ಆಗಿ 10 ಸೆಕೆಂಡಿಗೊಮ್ಮೆ ಕೇಳುತ್ತದೆ, 1 ಸೆಕೆಂಡಿನಲ್ಲಿ ಉತ್ತರ ನಿರೀಕ್ಷಿಸುತ್ತದೆ, ಸತತ 3 ಸಲ ಬರದಿದ್ದರೆ ಕಂಟೇನರನ್ನು ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ಅಂದರೆ ಅರ್ಧ ನಿಮಿಷದಲ್ಲಿ, ಚೇತರಿಕೆಯ ನಡುವೆಯೇ, ಡೇಟಾಬೇಸನ್ನು ಮತ್ತೆ ಬೀಳಿಸುತ್ತಿದ್ದೀರಿ. ಲಾಗಿನ ಕೊನೆಯಲ್ಲಿ ರಿಕವರಿ ಶುರುವಾದ ಸಾಲು ಇದ್ದು, ಸಂಪರ್ಕಕ್ಕೆ ಸಿದ್ಧ ಎಂಬ ಸಾಲು ಇಲ್ಲದಿದ್ದರೆ ಇದೇ ಕಾರಣ. ಪರಿಹಾರ: ಸ್ಟಾರ್ಟಪ್ ಪ್ರೋಬ್ ಸೇರಿಸಿ, 'ಪೀರಿಯಡ್‌ಸೆಕೆಂಡ್ಸ್' 10, 'ಫೇಲ್ಯರ್‌ತ್ರೆಶೋಲ್ಡ್' 60 ಇಡಿ. ಆಗ 600 ಸೆಕೆಂಡ್ ಕಾಲಾವಕಾಶ ಸಿಗುತ್ತದೆ, ಸ್ಟಾರ್ಟಪ್ ಪ್ರೋಬ್ ಯಶಸ್ವಿಯಾಗುವವರೆಗೆ ಲೈವ್‌ನೆಸ್ ಪ್ರೋಬ್ ಸುಮ್ಮನಿರುತ್ತದೆ. ಬದಲಾವಣೆ ಹಾಕುವ ಮೊದಲು 'ಕ್ಯೂಬ್‌ಸಿಟಿಎಲ್ ಡಿಫ್ -ಎಫ್ ಡಿಬಿ.ಯಾಮಲ್' ನಡೆಸಿದರೆ ಏನು ಬದಲಾಗುತ್ತದೆ ಎಂದು ಸಾಲುಸಾಲಾಗಿ ಕಾಣುತ್ತದೆ. ಅವಸರದಲ್ಲಿ 'ಕ್ಯೂಬ್‌ಸಿಟಿಎಲ್ ಎಡಿಟ್' ಹಾಕಿ ನೇರವಾಗಿ ತಿದ್ದಬೇಡಿ. ಆ ತಿದ್ದುಪಡಿ ನಿಮ್ಮ ಫೈಲಿನಲ್ಲಿ ಇರುವುದಿಲ್ಲ, ಮುಂದಿನ 'ಅಪ್ಲೈ' ಅದನ್ನು ಹಳೆಯದಕ್ಕೇ ತಿರುಗಿಸಬಹುದು.

ಇನ್ನೊಂದು ಗುಟ್ಟಾದ ಕಾರಣ ಕೋರ್‌ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ಸೇವೆ). ಕೆ3ಎಸ್‌ನಲ್ಲಿ ಅದು ಡೀಫಾಲ್ಟ್ ಆಗಿ ಒಂದೇ ಪಾಡ್. ಅದು ಸತ್ತ ಮಷಿನ್ ಮೇಲಿದ್ದರೆ, ಉಳಿದೆರಡು ಮಷಿನ್‌ಗಳಲ್ಲಿ ಕಾಟಾ ಆ್ಯಪ್ ಹಸಿರಾಗಿ ಕಂಡರೂ ಡೇಟಾಬೇಸಿನ ಹೆಸರು ಅದಕ್ಕೆ ಸಿಗುವುದಿಲ್ಲ. ಲಾಗಿನಲ್ಲಿ ಹೋಸ್ಟ್ ನೇಮ್ ಸಿಗಲಿಲ್ಲ ಎಂಬ ತಪ್ಪು ಬರುತ್ತದೆ, ನೀವು ಡೇಟಾಬೇಸನ್ನು ದೂರುತ್ತೀರಿ. 'ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್ -ಎನ್ ಕ್ಯೂಬ್-ಸಿಸ್ಟಮ್ -ಒ ವೈಡ್' ನೋಡುವ ಅಭ್ಯಾಸವಾಗಲಿ.

ಕಾಟಾ ಚೀಟಿಯ ಆ್ಯಪ್ ಡೇಟಾ ಇಟ್ಟುಕೊಳ್ಳುವುದಿಲ್ಲವಾದರೆ ಅದಕ್ಕೆ ಆರು ನಿಮಿಷ ಕಾಯುವ ಅಗತ್ಯವಿಲ್ಲ. ರೆಪ್ಲಿಕಾ (ಪಾಡಿನ ಪ್ರತಿಗಳ ಸಂಖ್ಯೆ) 2 ಮಾಡಿ, ಎರಡೂ ಒಂದೇ ಮಷಿನ್ ಮೇಲೆ ಕೂರದಂತೆ ಪಾಡ್ ಆ್ಯಂಟಿ-ಅಫಿನಿಟಿ ಹಾಕಿ. 'ನಾಟ್-ರೆಡಿ', 'ಅನ್‌ರೀಚಬಲ್' ಎರಡೂ ಟೇಂಟುಗಳಿಗೆ 'ಟಾಲರೇಶನ್‌ಸೆಕೆಂಡ್ಸ್' 30 ಎಂದು ಬರೆಯಿರಿ. ಡೇಟಾಬೇಸಿಗೆ ಮಾತ್ರ ಇದನ್ನು ಮಾಡಬೇಡಿ, ಅದು ಎಲ್ಲಿಗೂ ಹೋಗಲಾರದು, ಬೇಗ ಎತ್ತಿ ಲಾಭವಿಲ್ಲ.

ಕರೆಂಟ್ ತೆಗೆಯುವುದು ಮೊದಲೇ ಗೊತ್ತಿದ್ದ ದಿನ ಒಂದೇ ಮಷಿನ್ ನಿಲ್ಲಿಸುವುದಿದ್ದರೆ:

ಕ್ಯೂಬ್‌ಸಿಟಿಎಲ್ ಡ್ರೇನ್ ಕಾಟಾ-2 --ಇಗ್ನೋರ್-ಡೀಮನ್‌ಸೆಟ್ಸ್ --ಡಿಲೀಟ್-ಎಂಪ್ಟಿಡಿರ್-ಡೇಟಾ

ಡ್ರೇನ್ ಎಂದರೆ ಆ ಮಷಿನ್ ಮೇಲಿನ ಪಾಡುಗಳನ್ನು ಎತ್ತಿ ಖಾಲಿ ಮಾಡುವುದು. ಎರಡನೆಯ ಆಯ್ಕೆ ಎಂಪ್ಟಿಡಿರ್‌ನಲ್ಲಿದ್ದ ತಾತ್ಕಾಲಿಕ ಫೈಲುಗಳನ್ನು ಅಳಿಸುತ್ತದೆ, ಅಲ್ಲಿ ಉಳಿಸಬೇಕಾದದ್ದು ಏನೂ ಇಲ್ಲ ಎಂದು ಮೊದಲು ಖಚಿತಮಾಡಿಕೊಳ್ಳಿ. ಡ್ರೇನ್ ಮುಗಿಯದೆ ಸುತ್ತುತ್ತಲೇ ಇದ್ದರೆ, ಒಂದೇ ರೆಪ್ಲಿಕಾ ಇರುವ ಆ್ಯಪಿಗೆ 'ಮಿನ್‌ಅವೈಲಬಲ್ 1' ಎಂಬ ಡಿಸ್ರಪ್ಶನ್ ಬಜೆಟ್ (ಕನಿಷ್ಠ ಒಂದು ಪಾಡ್ ಇರಲೇಬೇಕು ಎಂಬ ನಿಯಮ) ಇದೆಯೇ ನೋಡಿ. ಅದು ಇದ್ದರೆ ಆ ಪಾಡನ್ನು ಎತ್ತಲು ಎಂದಿಗೂ ಅನುಮತಿ ಸಿಗದು. ಕೆಲಸ ಮುಗಿದ ಮೇಲೆ 'ಕ್ಯೂಬ್‌ಸಿಟಿಎಲ್ ಅನ್‌ಕಾರ್ಡನ್ ಕಾಟಾ-2'. ಇದನ್ನು ಮರೆತರೆ ಆ ಮಷಿನ್ 'ಶೆಡ್ಯೂಲಿಂಗ್‌ಡಿಸೇಬಲ್ಡ್' ಆಗಿಯೇ ಉಳಿದು, ಮುಂದಿನ ತೊಂದರೆಯ ರಾತ್ರಿ ಕೈಗೆ ಬರುವುದಿಲ್ಲ. ಮೂರೂ ಮಷಿನ್ ನಿಲ್ಲಿಸುವುದಾದರೆ ಮೊದಲು ಆ್ಯಪನ್ನು, ನಂತರ ಡೇಟಾಬೇಸನ್ನು 'ಕ್ಯೂಬ್‌ಸಿಟಿಎಲ್ ಸ್ಕೇಲ್ --ರೆಪ್ಲಿಕಾಸ್=0' ಮೂಲಕ ಇಳಿಸಿ, ಏಜೆಂಟುಗಳನ್ನು ಆಫ್ ಮಾಡಿ, ಕಾಟಾ-1 ಕೊನೆಗೆ. ಎಬ್ಬಿಸುವಾಗ ಕಾಟಾ-1 ಮೊದಲು, ನಂತರ ಏಜೆಂಟುಗಳು, ಆಮೇಲೆ ಡೇಟಾಬೇಸ್, ಅದು ರೆಡಿ ಆದ ನಂತರ ಆ್ಯಪ್.

ರಾತ್ರಿ ಪಾಳಿಯವರ ಕೈಯಲ್ಲಿ ಏನು ಕೊಡಬೇಕು ಎಂಬುದನ್ನೂ ಯೋಚಿಸಿ. /ಇಟಿಸಿ/ರಾಂಚರ್/ಕೆ3ಎಸ್/ಕೆ3ಎಸ್.ಯಾಮಲ್ ಪೂರ್ಣ ಅಧಿಕಾರದ ಫೈಲ್, ಅದು ರೂಟಿಗೆ ಮಾತ್ರ ಓದಲು ಸಿಗಬೇಕು. ಎಲ್ಲರಿಗೂ ಓದಲು ಬಿಡುವುದು ಅನೇಕ ಕಡೆ ನಡೆಯುತ್ತದೆ, ನೀವು ಮಾಡಬೇಡಿ. ಪಾಳಿಯವರಿಗೆ 'ವ್ಯೂ' ಎಂಬ ಸಿದ್ಧ ಕ್ಲಸ್ಟರ್‌ರೋಲ್‌ಗೆ (ಹಕ್ಕುಗಳ ಪಟ್ಟಿ) ತೂಕ ನೇಮ್‌ಸ್ಪೇಸಿನಲ್ಲಿ ರೋಲ್‌ಬೈಂಡಿಂಗ್ (ಆ ಹಕ್ಕನ್ನು ಅವರಿಗೆ ಜೋಡಿಸುವುದು) ಮಾಡಿಕೊಡಿ. ಅವರು ಪಾಡ್, ಇವೆಂಟ್, ಲಾಗ್ ಓದಬಲ್ಲರು, ಅಳಿಸಲಾರರು, ಸೀಕ್ರೆಟ್‌ಗಳೂ (ಪಾಸ್‌ವರ್ಡ್ ಮುಂತಾದವು) ಕಾಣವು. ನೋಡುಗಳ ಪಟ್ಟಿ ಅದರಲ್ಲಿ ಬರುವುದಿಲ್ಲ, ಅದಕ್ಕೆ ಓದುವ ಹಕ್ಕಿನ ಸಣ್ಣ ಕ್ಲಸ್ಟರ್‌ರೋಲ್ ಬೇರೆ ಬರೆಯಿರಿ. ನಿಮ್ಮ ಲ್ಯಾಪ್‌ಟಾಪಿಗೆ ಆ ಪೂರ್ಣ ಫೈಲ್ ನಕಲು ಮಾಡಿದ್ದರೆ ಎರಡು ವಿಷಯ: ಅದರಲ್ಲಿ 127.0.0.1 ಎಂದಿರುವ ಕಡೆ ಕಾಟಾ-1ರ ಐಪಿ ಹಾಕಬೇಕು, ಮತ್ತು ಅದರೊಳಗಿನ ಸರ್ಟಿಫಿಕೇಟಿನ ಆಯುಷ್ಯ 365 ದಿನ. ಅವಧಿ ಮುಗಿಯುವುದು ಹತ್ತಿರವಾದಾಗ ಸರ್ವರ್ ರೀಸ್ಟಾರ್ಟ್ ಆದರೆ ತನ್ನದನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ, ನಿಮ್ಮ ನಕಲು ಹಳೆಯದೇ ಉಳಿಯುತ್ತದೆ. ಕಳೆದ ಹಂಗಾಮಿನಲ್ಲಿ ಚೆನ್ನಾಗಿದ್ದ ಲ್ಯಾಪ್‌ಟಾಪ್ ಈ ಹಂಗಾಮಿನಲ್ಲಿ 'ಅನ್‌ಆಥರೈಸ್ಡ್' ಎಂದರೆ ಮತ್ತೆ ನಕಲು ಮಾಡಿಕೊಳ್ಳಿ.

ಕೊನೆಯದಾಗಿ, ಮೂರೂ ಸರ್ವರ್ ಮಾಡುವ ವಿಚಾರ. ಮಾಡಬಹುದು. ಈಗ ನಿಮ್ಮ ಕಾಟಾ-1ರಲ್ಲಿ ಕ್ಲಸ್ಟರಿನ ದಾಖಲೆ ಎಸ್‌ಕ್ಯೂಲೈಟ್ ಫೈಲಿನಲ್ಲಿದೆ. ಕೆ3ಎಸ್ ಸರ್ವರನ್ನು '--ಕ್ಲಸ್ಟರ್-ಇನಿಟ್' ಹಾಕಿ ಎಬ್ಬಿಸಿದರೆ ಅದು ಇಟಿಸಿಡಿಗೆ (ಹಲವು ಸರ್ವರುಗಳಲ್ಲಿ ಒಂದೇ ದಾಖಲೆ ಇಡುವ ಡೇಟಾಬೇಸ್) ಬದಲಾಗುತ್ತದೆ. ಉಳಿದೆರಡು ಏಜೆಂಟುಗಳನ್ನು ಒಂದೊಂದಾಗಿ ತೆಗೆದು ಸರ್ವರ್ ಆಗಿ ಸೇರಿಸಬೇಕು. ಏಜೆಂಟ್ ತೆಗೆಯುವ ಅನ್‌ಇನ್‌ಸ್ಟಾಲ್ ಸ್ಕ್ರಿಪ್ಟ್ /ವಾರ್/ಲಿಬ್/ರಾಂಚರ್/ಕೆ3ಎಸ್ ಫೋಲ್ಡರನ್ನೇ ಅಳಿಸುತ್ತದೆ, ಅಂದರೆ ಅದರೊಳಗಿನ ಪೋಸ್ಟ್‌ಗ್ರೆಸ್ ಡೇಟಾವನ್ನೂ. ಬ್ಯಾಕಪ್ ಕೈಯಲ್ಲಿಲ್ಲದೆ ಕಾಟಾ-3ನ್ನು ಮುಟ್ಟಲೇಬೇಡಿ. ಮೂರು ಸರ್ವರ್ ಆದ ಮೇಲೆ ಒಂದು ಹೋದರೂ ಕ್ಲಸ್ಟರ್ ನಿಲ್ಲದು, ಎರಡು ಹೋದರೆ ನಿಲ್ಲುತ್ತದೆ. ಎರಡೇ ಸರ್ವರ್ ಇಡುವುದು ಮಾತ್ರ ಬೇಡ, ಅದರಲ್ಲಿ ಒಂದು ಹೋದರೂ ಬಹುಮತ ಹೋಗುತ್ತದೆ. ಇಟಿಸಿಡಿಗೆ ಎಸ್‌ಎಸ್‌ಡಿ ಬೇಕು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದು ತಡವರಿಸಿ ಹೊಸ ತೊಂದರೆ ತರುತ್ತದೆ.

ಆದರೆ ಇದು ಪೋಸ್ಟ್‌ಗ್ರೆಸ್ ಡೇಟಾವನ್ನು ಕಾಪಾಡುವುದಿಲ್ಲ. ಇಟಿಸಿಡಿ ಕಾಯುವುದು ಕ್ಲಸ್ಟರಿನ ದಾಖಲೆಯನ್ನು, ರೈತರ ತೂಕವನ್ನಲ್ಲ. ಹಾಗಾಗಿ ನನ್ನ ಪ್ರಕಾರ ಮೊದಲ ಕೆಲಸ ಬ್ಯಾಕಪ್, ಸರ್ವರುಗಳ ಮಾತು ಹಂಗಾಮು ಮುಗಿದ ಮೇಲೆ. ಕ್ಲಸ್ಟರಿನಲ್ಲಿಲ್ಲದ ಒಂದು ಕಂಪ್ಯೂಟರಿನಿಂದ ಗಂಟೆಗೊಮ್ಮೆ:

ಕ್ಯೂಬ್‌ಸಿಟಿಎಲ್ ಎಕ್ಸೆಕ್ ಡಿಬಿ-0 -ಎನ್ ತೂಕ -- ಪಿಜಿ_ಡಂಪ್ -ಯು ಪೋಸ್ಟ್‌ಗ್ರೆಸ್ -ಎಫ್‌ಸಿ ಕಾಟಾ > ಕಾಟಾ.ಡಂಪ್

ಇಲ್ಲಿ ಬಳಕೆದಾರನ ಹೆಸರಿನ ಮುಂದಿನ 'ಯು', ಫಾರ್ಮ್ಯಾಟಿನ 'ಎಫ್' ಎರಡೂ ದೊಡ್ಡಕ್ಷರ, ಕೊನೆಯ 'ಸಿ' ಚಿಕ್ಕಕ್ಷರ. 'ಎಕ್ಸೆಕ್' ಜೊತೆ ರೂಢಿಯಂತೆ '-ಐಟಿ' ಸೇರಿಸಬೇಡಿ. ಟರ್ಮಿನಲ್ ಜೋಡಿಸಿದರೆ ಸಾಲಿನ ಅಂತ್ಯದ ಬೈಟುಗಳು ಬದಲಾಗಿ ಬೈನರಿ ಡಂಪ್ ಕೆಡುತ್ತದೆ, ಅದು ಗೊತ್ತಾಗುವುದು ರಿಸ್ಟೋರ್ ಮಾಡುವ ದಿನ. ಪ್ರತಿ ಫೈಲಿನ ಮೇಲೂ 'ಪಿಜಿ_ರಿಸ್ಟೋರ್ --ಲಿಸ್ಟ್' ನಡೆಸಿ ಪಟ್ಟಿ ತೆರೆಯುತ್ತದೆಯೇ ನೋಡಿ, ವಾರಕ್ಕೊಮ್ಮೆ ಬೇರೆ ಮಷಿನ್ನಿನಲ್ಲಿ ಪೂರ್ತಿ ರಿಸ್ಟೋರ್ ಮಾಡಿ. ಕಾಟಾ-1ರ /ವಾರ್/ಲಿಬ್/ರಾಂಚರ್/ಕೆ3ಎಸ್/ಸರ್ವರ್ ಅಡಿಯಲ್ಲಿರುವ 'ಡಿಬಿ' ಫೋಲ್ಡರ್ ಮತ್ತು 'ಟೋಕನ್' ಫೈಲ್ ಎರಡನ್ನೂ, ಸರ್ವಿಸ್ ನಿಲ್ಲಿಸಿದಾಗ, ಬ್ಯಾಕಪ್ ಇಡುವ ಆ ಹೊರಗಿನ ಕಂಪ್ಯೂಟರಿಗೇ ನಕಲು ಮಾಡಿಡಿ. ಟೋಕನ್ ಇಲ್ಲದೆ ಬರೀ ಡಿಬಿ ಫೋಲ್ಡರಿನಿಂದ ಕ್ಲಸ್ಟರ್ ಮರಳಿ ಕಟ್ಟಲಾಗುವುದಿಲ್ಲ.